ಸುಣ್ಣದಕಲ್ಲಿನ ಸೀಮೆಯಲ್ಲಿ ಸಂಸಾರದ ಲೆಕ್ಕ

ಕಲಬುರಗಿಯಿಂದ ದಕ್ಷಿಣಕ್ಕೆ ಹೊರಟ ರೈಲು ಮರತೂರು ದಾಟಿತೆಂದರೆ ಫರಶಿ ಕಲ್ಲಿನ ಸೀಮೆ ಆರಂಭ. ಮೊದಲು ಶಹಾಬಾದ್, ಆ ಮೇಲೆ ವಾಡಿ. ವಾಡಿಯಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಯಾದಗಿರಿ, ರಾಯಚೂರಿನ ಕಡೆಗೆ; ಇನ್ನೊಂದು ಚಿತ್ತಾಪುರ, ಮಳಖೇಡ, ಸೇಡಂ ಹಾದು ಸಿಕಂದರಾಬಾದಿಗೆ. ಈ ಎರಡನೆಯ ದಾರಿ ನಿಜಾಮರ ಕಾಲದ್ದು, 1874ರಲ್ಲಿ ಆರಂಭವಾದದ್ದು. ಐದು ಊರುಗಳ ಪೈಕಿ ಚಿಂಚೋಳಿಗೆ ಮಾತ್ರ ರೈಲಿನ ಭಾಗ್ಯ ಇನ್ನೂ ಬಂದಿಲ್ಲ.

ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಈ ಊರುಗಳ ಅನೇಕ ಮನೆಗಳಲ್ಲಿ ಒಂದೇ ಚರ್ಚೆ: ಮಕ್ಕಳ ಓದಿಗಾಗಿ ಕಲಬುರಗಿಯಲ್ಲಿ ಮನೆ ಹಿಡಿಯಬೇಕೇ, ಇಲ್ಲೇ ಇದ್ದು ದಿನವೂ ಕಳಿಸಬೇಕೇ? ಇಲ್ಲಿ ಬಾಡಿಗೆ ಕಡಿಮೆ ಎಂಬುದು ನಿಜ. ಆದರೆ ಖರ್ಚೆಲ್ಲ ಬಾಡಿಗೆಯಲ್ಲೇ ಮುಗಿಯುವುದಿಲ್ಲ.

ಇಲ್ಲಿನ ಬದುಕನ್ನು ತಿಳಿಯಬೇಕಾದರೆ ಮೊದಲು ನೆಲವನ್ನು ತಿಳಿಯಬೇಕು. ಭೀಮಾ, ಕಾಗಿಣಾ ನದಿಗಳ ಈ ಪ್ರದೇಶದ ಬಹುಭಾಗ ಸುಣ್ಣದಕಲ್ಲಿನ ಹಾಸು. ಶುದ್ಧ ಸುಣ್ಣದಕಲ್ಲನ್ನು 100 ಕಿಲೋ ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ, ಉಳಿಯುವುದು 56 ಕಿಲೋ ಸುಟ್ಟ ಸುಣ್ಣ. ಗಾಳಿಗೆ ಹೋಗುವ ಭಾರವನ್ನು ದೂರ ಸಾಗಿಸುವುದು ನಷ್ಟ. ಆದ್ದರಿಂದಲೇ ಕಲ್ಲು ಇದ್ದಲ್ಲಿಗೆ ಕಾರ್ಖಾನೆಗಳು ಬಂದವು. ವಾಡಿಯಲ್ಲಿ ಎ.ಸಿ.ಸಿ. ಕಾರ್ಖಾನೆ 1968ರಲ್ಲಿ ಬಂತು. ಮುಂದೆ ಮಳಖೇಡ, ಸೇಡಂ ಕಡೆಗೂ ಸಿಮೆಂಟ್ ಕಾರ್ಖಾನೆಗಳು ಬಂದವು.

ಇದೇ ಕಲ್ಲು ಮನೆಯೊಳಗೂ ಲೆಕ್ಕಕ್ಕೆ ಬರುತ್ತದೆ. ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಫರಶಿ ಹಾಸಿದ ನೆಲ ತಂಪು. ಅದು ಲಾಭ. ಆದರೆ ಮಳೆನೀರು ಈ ಕಲ್ಲನ್ನು ನಿಧಾನವಾಗಿ ಕರಗಿಸಿಕೊಂಡು ಕೆಳಗಿಳಿಯುವುದರಿಂದ ಕೊಳವೆಬಾವಿಯ ನೀರು ಗಡಸು. ಸಾಬೂನು ಬೇಗ ನೊರೆಯಾಗದು, ಹಂಡೆಯ ತಳಕ್ಕೂ ಹೀಟರಿನ ಸುರುಳಿಗೂ ಬಿಳಿಯ ಹೆಪ್ಪು ಕಟ್ಟುತ್ತದೆ. ಹೆಪ್ಪು ಕಟ್ಟಿದ ಸುರುಳಿ ನೀರು ಕಾಯಿಸಲು ಹೆಚ್ಚು ವಿದ್ಯುತ್ ನುಂಗುತ್ತದೆ. ಬಾಡಿಗೆ ಮನೆ ನೋಡುವವರು ನಳದಲ್ಲಿ ಬರುವುದು ಹೊಳೆಯ ನೀರೋ, ಬೋರಿನ ನೀರೋ, ವಾರಕ್ಕೆ ಎಷ್ಟು ದಿನ ಎಂದು ಮೊದಲು ಕೇಳುವುದು ಒಳ್ಳೆಯದು.

ಊಟದ ಖರ್ಚಿನಲ್ಲಿ ಜೋಳದ ರೊಟ್ಟಿ, ತೊಗರಿಬೇಳೆ ಮುಖ್ಯ. ಹೊಲವಿದ್ದವರ ಮನೆಯಲ್ಲಿ ವರ್ಷದ ಜೋಳ, ತೊಗರಿ ಶೇಖರಣೆಯಾಗಿರುತ್ತದೆ. ಅವರಿಗೆ ಊರು ಬಿಡುವುದೆಂದರೆ ಅದನ್ನೂ ಬಿಟ್ಟಂತೆ. ಕೊಂಡು ತಿನ್ನುವವರಿಗೆ ಮಾತ್ರ ಹೆಚ್ಚಿನ ಉಳಿತಾಯವಿಲ್ಲ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಆದರೂ ದಾಲ್ ಮಿಲ್ಲಿಗೆ ಹೋಗಿಬಂದ ಬೇಳೆಗೆ ಇಲ್ಲಿಯೂ ಪೇಟೆಯ ಧಾರಣೆಯೇ.

ಇನ್ನು ಪ್ರಯಾಣ. ವಾಡಿಯಿಂದ ಕಲಬುರಗಿಗೆ ರೈಲಿನಲ್ಲಿ ಸುಮಾರು 37 ಕಿ.ಮೀ. ತಿಂಗಳ ಪಾಸು ದುಬಾರಿಯಲ್ಲ. 2023ರ ಜೂನ್‌ನಿಂದ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವೂ ಇಲ್ಲ. ಆದರೆ ಕಾಯುವುದೂ ಸೇರಿ ದಿನಕ್ಕೆ 3 ಗಂಟೆ ದಾರಿಯಲ್ಲಿ ಕಳೆದರೆ, ಕಾಲೇಜಿನ 200 ದಿನಗಳಿಗೆ 600 ಗಂಟೆ ಆಯಿತು. ದಿನಕ್ಕೆ 6 ಗಂಟೆ ಓದುವ ವಿದ್ಯಾರ್ಥಿಯ 100 ದಿನಗಳ ಓದಿಗೆ ಇದು ಸಮ! ರೈಲಿನಲ್ಲಿ ಕೂತು ಓದಲು ಜಾಗ ಸಿಗುವವರಿಗೆ ಈ ನಷ್ಟ ಕಡಿಮೆ; ಬಾಗಿಲಲ್ಲಿ ನಿಂತು ಹೋಗುವವರಿಗೆ ಪೂರ್ತಿ ನಷ್ಟ.

ದುಡಿಮೆಯ ಭದ್ರತೆಯೂ ಊರಿಂದೂರಿಗೆ ಬೇರೆ. 2018ರಲ್ಲಿ ತಾಲ್ಲೂಕು ಕೇಂದ್ರವಾದ ಶಹಾಬಾದ್ ಒಮ್ಮೆ ಕಾರ್ಖಾನೆಗಳಿಂದ ತುಂಬಿ ತುಳುಕುತ್ತಿದ್ದ ಊರು. ಹಳೆಯ ಸಿಮೆಂಟ್ ಕಾರ್ಖಾನೆ ಕೈಬದಲಾಗಿ ಕೆಲಸ ನಿಂತಾಗ ಪೇಟೆಯೂ ಸೊರಗಿತು. ಒಂದೇ ಉದ್ಯಮವನ್ನು ನಂಬಿದ ಊರಿನಲ್ಲಿ ಬಾಡಿಗೆ ಇಳಿದಿದ್ದರೆ, ಅದು ಏಕೆ ಇಳಿಯಿತೆಂದೂ ವಿಚಾರಿಸಬೇಕು. ದೂಳಿನ ಪ್ರಶ್ನೆಯೂ ಇದೆ. ಉಬ್ಬಸವಿರುವ ಮಗು ಮನೆಯಲ್ಲಿದ್ದರೆ ಗಣಿ, ಕಾರ್ಖಾನೆ ಯಾವ ದಿಕ್ಕಿಗಿವೆ ಎಂದು ನೋಡಬೇಕು. ಮಳೆಗಾಲದಲ್ಲಿ ಗಾಳಿ ಹೆಚ್ಚಾಗಿ ಪಡುವಣದಿಂದ, ಚಳಿಗಾಲದಲ್ಲಿ ಮೂಡಣದಿಂದ ಬೀಸುತ್ತದೆ. ಒಂದೇ ಋತುವಿನಲ್ಲಿ ನೋಡಿ ತೀರ್ಮಾನಿಸಿದರೆ ಸಾಲದು.

ಹಣದಲ್ಲಿ ಅಳೆಯಲಾಗದ ಸಂಪತ್ತೂ ಈ ಸೀಮೆಗಿದೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ, ಅಮೋಘವರ್ಷ ನೃಪತುಂಗನ ಮಾನ್ಯಖೇಟ. ಚಿತ್ತಾಪುರದ ಪಕ್ಕದ ನಾಗಾವಿ ಚಾಲುಕ್ಯರ ಕಾಲದ ವಿದ್ಯಾಕೇಂದ್ರ. ಅದೇ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನಗಳೂ, ಪಕ್ಕದ ಕನಗನಹಳ್ಳಿಯಲ್ಲಿ ಅವನ ಹೆಸರು ಕೊರೆದ ಶಿಲ್ಪವೂ ದೊರೆತಿವೆ. ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯದ ಸುತ್ತಲ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಸಾವಿರ ವರ್ಷದ ಹಿಂದೆ ದೂರದ ವಿದ್ಯಾರ್ಥಿಗಳು ಓದಲು ಬರುತ್ತಿದ್ದ ಸೀಮೆಯಿಂದ ಇಂದು ಮಕ್ಕಳು ಓದಿಗಾಗಿ ಹೊರಡಬೇಕಾಗಿರುವುದು ಯೋಚಿಸಬೇಕಾದ ಮಾತು.

ಹಾಗಾದರೆ ಮಾಡುವುದೇನು? ಕಾಗದದ ಮೇಲೆ ಎರಡು ಕಲಂ ಬರೆದು ಎರಡೂ ಊರಿನ ಬಾಡಿಗೆ, ನೀರು, ದಿನಸಿ, ಔಷಧ, ಪ್ರಯಾಣದ ಹಣ ಹಾಗೂ ಸಮಯವನ್ನು ಹೋಲಿಸಬೇಕು. ವಿಜ್ಞಾನ ಓದಬಯಸುವವರು ಸ್ಥಳೀಯ ಕಾಲೇಜಿಗೆ ಹೋಗಿ ಪ್ರಯೋಗಶಾಲೆಯ ಬಾಗಿಲು ತೆರೆಸಿ ನೋಡಬೇಕು. ಉಪಕರಣ ಬಳಕೆಯಲ್ಲಿವೆಯೇ, ಎಲ್ಲ ವಿಷಯಕ್ಕೂ ಉಪನ್ಯಾಸಕರಿದ್ದಾರೆಯೇ ಎಂದು ಕೇಳಬೇಕು. ಇದ್ದರೆ ಊರು ಬಿಡುವ ಕಾರಣವಿಲ್ಲ. ಇಲ್ಲದಿದ್ದರೆ ಎರಡು ವರ್ಷದ ಮಟ್ಟಿಗೆ ಹೆಚ್ಚಿನ ಬಾಡಿಗೆ ತೆತ್ತು ಕಲಬುರಗಿಯಲ್ಲಿರುವುದೇ ಅಗ್ಗವಾದೀತು. ಈ ಲೆಕ್ಕ ಹಾಕುವಾಗ ಓದುವ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳುವುದನ್ನು ಪಾಲಕರು ಮರೆಯಬಾರದು.