ಹಿತ್ತಲು ನುಂಗಿದ ಬೇಲಿ

ಬಳ್ಳಾರಿ ಕಡೆಯಿಂದ ಬರುವ ಬಸ್ಸು ಸಿಂಧನೂರು ದಾಟುವವರೆಗೆ ಕಿಟಕಿಯ ಎರಡೂ ಬದಿ ಭತ್ತದ ಗದ್ದೆಗಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು, ಅಕ್ಕಿ ಗಿರಣಿಗಳು. ಮಸ್ಕಿ ಹತ್ತಿರವಾದಂತೆ ಕಲ್ಲುಗುಡ್ಡಗಳು ತಲೆ ಎತ್ತುತ್ತವೆ. ಅಲ್ಲಿಂದ ಲಿಂಗಸುಗೂರಿನತ್ತ ಹೊರಟರೆ ಕಡುಬೇಸಿಗೆಯಲ್ಲೂ ಹಸಿರು ಬಿಡದೆ ಜೊತೆಗೆ ಬರುವುದು ಜಾಲಿ. ರಸ್ತೆಬದಿ, ಹಳ್ಳದ ದಂಡೆ, ಪಾಳುಬಿದ್ದ ಹೊಲ ಎಲ್ಲವೂ ಅದರದೇ. ಮನೆಯ ಹಿತ್ತಲನ್ನೂ ಅದು ಬಿಟ್ಟಿಲ್ಲ.

ಮಸ್ಕಿಯ ಅಂಚಿನ ಒಂದು ಮನೆಯ ಕಥೆ ಕೇಳಿ. ಆಡು, ದನಗಳ ಕಾಟ ತಾಳಲಾರದೆ ಮನೆಯ ಯಜಮಾನರು ಹಿಂದೊಮ್ಮೆ ಹಿತ್ತಲ ಸುತ್ತ ಜಾಲಿಯ ಬೇಲಿ ಬೆಳೆಸಿದರು. ನೀರು ಹಾಕಬೇಕಿಲ್ಲ, ಕಾಯಬೇಕಿಲ್ಲ. ಅವರು ತೀರಿಕೊಂಡ ಮೇಲೆ ಕತ್ತರಿಸುವವರಿಲ್ಲದೆ ಬೇಲಿ ಒಳಕ್ಕೆ ನಡೆದು ಬಂತು. ಮೊದಲು ನುಗ್ಗೆಗಿಡ ಸತ್ತಿತು, ಆಮೇಲೆ ಬಾವಿಯ ದಾರಿ ಮುಚ್ಚಿತು. ಮನೆಯ ಹಿರಿಯಾಕೆಯ ಹಿಮ್ಮಡಿಗೆ ಮುಳ್ಳು ಮುರಿದು ಕೀವು ಕಟ್ಟಿದಾಗ ಮಗನಿಗೆ ಸಾಕಾಯಿತು.

“ಯವ್ವಾ, ಈ ಸಲ ಬುಡಸಮೇತ ಕೀಳಸ್ತೀನಿ.”

“ಕೀಳಸು. ಜಳಕದ ನೀರಿಗೆ ಕಟಿಗಿ ಎಲ್ಲಿಂದ ತರ್ತಿ? ನಿಮ್ಮಪ್ಪ ಹಚ್ಚಿದ್ದು ಅದು.”

ತಾಯಿಯ ಮಾತಿನಲ್ಲಿ ಕಟ್ಟಿಗೆಯ ಚಿಂತೆ ಎಷ್ಟಿತ್ತೋ ಯಜಮಾನರ ನೆನಪೂ ಅಷ್ಟೇ ಇತ್ತು. ಅವರ ಕೈಯ ಗುರುತಾಗಿ ಹಿತ್ತಲಲ್ಲಿ ಉಳಿದದ್ದು ಆ ಬೇಲಿ ಮಾತ್ರ.

ಇದನ್ನು ಬಳ್ಳಾರಿ ಜಾಲಿ ಎನ್ನುತ್ತಾರಾದರೂ ಇದು ಬಳ್ಳಾರಿಯದಲ್ಲ. ತವರು ಮೆಕ್ಸಿಕೊ, ಮಧ್ಯ ಅಮೆರಿಕದ ಒಣನೆಲ. ಉರುವಲಿಗೆ ಆದೀತೆಂದು 1870ರ ದಶಕದಲ್ಲಿ ಮದ್ರಾಸ್ ಪ್ರಾಂತದ ಕಡಪ ಸೀಮೆಗೆ ತಂದರು. ಇದರ ಸಿಹಿ ಕಾಯಿಯನ್ನು ಆಡು, ದನ ಆಸೆಯಿಂದ ತಿನ್ನುತ್ತವೆ. ಬೀಜ ಮಾತ್ರ ಜೀರ್ಣವಾಗದೆ ಗೊಬ್ಬರದ ಜೊತೆ ಹೊರಬಿದ್ದು ಮೊಳೆಯುತ್ತದೆ. ಯಾವ ಆಡನ್ನು ತಡೆಯಲು ಬೇಲಿ ಹಾಕಿದರೋ ಅದೇ ಆಡು ಬೇಲಿಯನ್ನು ಊರಿಗೆಲ್ಲ ಹಂಚಿತು!

ಕಡಿದರೆ ಹೋಗುವ ಗಿಡವೂ ಇದಲ್ಲ. ನೆಲಮಟ್ಟಕ್ಕೆ ಕೊಡಲಿ ಹಾಕಿದರೆ ಒಂದು ಕಾಂಡವಿದ್ದಲ್ಲಿ ಹತ್ತು ಚಿಗುರು ಏಳುತ್ತವೆ. ಮರುಚಿಗುರುವ ಕಣ್ಣುಗಳು ಬುಡದಲ್ಲಿ, ಮಣ್ಣಿನ ಸ್ವಲ್ಪವೇ ಕೆಳಗೆ ಇರುತ್ತವೆ. ಸುತ್ತ ಅಗೆದು, ಒಂದಡಿ ಆಳದಲ್ಲಿ ಬೇರು ಕತ್ತರಿಸಿ ಬೊಡ್ಡೆಯನ್ನು ಪೂರ್ತಿ ಎತ್ತಿದರೆ ಮಾತ್ರ ಕೆಲಸ ಮುಗಿದಂತೆ. ಆದ್ದರಿಂದ ಮೊದಲ ದಿನ ಕವೆಗೋಲಿನಿಂದ ಕೊಂಬೆ ಎತ್ತಿ ಹಿಡಿದು ಹೊರಗಿನಿಂದ ಒಳಕ್ಕೆ ಕಡಿಯುತ್ತ ಬಂದರು. ಎರಡನೆಯ ದಿನ ಹಾರೆ, ಗುದ್ದಲಿ. ಮೂರನೆಯ ದಿನ ಬಾವಿಯ ಕಟ್ಟೆ ಕಂಡಿತು. ದಪ್ಪ ಕಾಂಡಗಳನ್ನು ನೀರೊಲೆಗೆಂದು ಗೋಡೆಗೆ ಒಟ್ಟಿದರು. ತಾಯಿಯ ಮೊದಲ ತಕರಾರು ಅಲ್ಲಿಗೆ ತೀರಿತು.

ಬೇಲಿ ಹೋದ ಮೇಲೆ ಹಿತ್ತಲಿನಿಂದ ದುರ್ಗದ ಗುಡ್ಡ ಕಾಣತೊಡಗಿತು. ಮಸ್ಕಿಯ ಹೆಸರು ದೇಶಕ್ಕೆ ತಿಳಿದದ್ದು ಇಲ್ಲಿನ ಬಂಡೆಯಿಂದ. 1915ರಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್ ಕಣ್ಣಿಗೆ ಆ ಶಾಸನ ಬಿತ್ತು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಖಚಿತವಾದದ್ದು ಅದರಿಂದ. ಅವನು ಅರಸಿದ ಚಿನ್ನವನ್ನು ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಈಗಲೂ ತೆಗೆಯುತ್ತಾರೆ. ಬಂಡೆ ತನ್ನ ಅರಸನ ಹೆಸರನ್ನು ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಕಾಪಾಡಿತು. ಜಾಲಿ ಒಂದೂವರೆ ಶತಮಾನದೊಳಗೆ ತನ್ನ ತವರನ್ನೇ ಮರೆಸಿ ಬಳ್ಳಾರಿಯದಾಯಿತು.

ಬೇಲಿಯ ಜಾಗಕ್ಕೆ ಮದರಂಗಿ ಬಂತು. ಮೂಲೆಗೊಂದು ಬೇವು. ಮೊದಲ ಮಳೆ ಬಿದ್ದು ವಾರವಾಗುವುದರೊಳಗೆ ಹಿತ್ತಲ ತುಂಬ ಜಾಲಿಯ ಮೊಳಕೆ! ಮಣ್ಣಿನಲ್ಲಿ ಉಳಿದ ಬೀಜ ವರ್ಷಗಟ್ಟಲೆ ಹೀಗೆ ಏಳುತ್ತಲೇ ಇರುತ್ತದೆ. ಮಗ ಗುದ್ದಲಿ ಹುಡುಕಿದ. ಗುದ್ದಲಿ ಇರಲಿಲ್ಲ. ಹಿರಿಯಾಕೆ ಅದನ್ನು ಹಿಡಿದು ಆಗಲೇ ಬಾವಿಯ ಹತ್ತಿರ ಕುಳಿತಿದ್ದರು. ಕಿತ್ತ ಸಸಿಗಳ ಸಣ್ಣ ಗುಂಪೆ ಪಕ್ಕದಲ್ಲಿತ್ತು.

“ಕುಂದರು. ಆ ಕಡೆಯಿಂದ ನೀ ಕೀಳು” ಎಂದರು.