ಶನಿವಾರದ ಮೀನುಗಳು ಮತ್ತು ನಮ್ಮ ಹೊಣೆ

ಅಲ್ಲಾಹನು ನಮಗೆ ಆಹಾರವಾಗಿ ಅನುಮತಿಸಿದ ಮಾಂಸಗಳಲ್ಲಿ ಮೀನಿಗೆ ಒಂದು ವಿಶೇಷ ಸ್ಥಾನವಿದೆ. ಕುರಿಯಾಗಲಿ ಕೋಳಿಯಾಗಲಿ, ಅಲ್ಲಾಹನ ನಾಮದೊಂದಿಗೆ ಝಬಹ್ ಆಗದೆ ನಮ್ಮ ತಟ್ಟೆಗೆ ಬರುವಂತಿಲ್ಲ. ನೀರಿನಿಂದ ಹಿಡಿದು ತೆಗೆದ ಮೀನು ಮಾತ್ರ ಝಬಹ್ ಇಲ್ಲದೆಯೇ ಹಲಾಲ್ ಆಗಿದೆ. ಇಷ್ಟು ಸುಲಭವಾಗಿ ದೊರೆತ ಅನುಮತಿಯನ್ನು ಮಿತಿಯಿಲ್ಲದ ಅನುಮತಿಯೆಂದು ಮನುಷ್ಯನು ಭಾವಿಸಿಬಿಡುತ್ತಾನೆ. ಆದರೆ ಮೀನಿನ ವಿಷಯದಲ್ಲಿಯೇ ಮಿತಿ ಮೀರಿ ಅಧಃಪತನಕ್ಕೀಡಾದ ಊರೊಂದರ ವೃತ್ತಾಂತವನ್ನು ಪವಿತ್ರ ಕುರ್‌ಆನ್ ನಮ್ಮ ಮುಂದಿಟ್ಟಿದೆ.

ಅಲ್ ಅಅ್‌ರಾಫ್ ಅಧ್ಯಾಯದ 163ರಿಂದ 166ರವರೆಗಿನ ಸೂಕ್ತಗಳಲ್ಲಿ ಬರುವ ಈ ವೃತ್ತಾಂತ ಕಡಲ ತೀರದ ಒಂದು ಜನವಸತಿಗೆ ಸಂಬಂಧಿಸಿದ್ದು. ಅಲ್ಲಿಯ ಬನೀ ಇಸ್ರಾಈಲರಿಗೆ ಶನಿವಾರ, ಅಂದರೆ ಸಬ್ತ್ ದಿನ, ಆರಾಧನೆಗೆ ಮೀಸಲಾಗಿತ್ತು. ಅಂದು ಬೇಟೆ ನಿಷಿದ್ಧವಾಗಿತ್ತು. ಅಲ್ಲಾಹನ ಪರೀಕ್ಷೆ ಹೇಗಿತ್ತೆಂದರೆ, ಶನಿವಾರದಂದೇ ಮೀನುಗಳು ನೀರಿನ ಮೇಲೆ ಕಾಣಿಸಿಕೊಳ್ಳುತ್ತಿದ್ದವು, ಉಳಿದ ದಿನಗಳಲ್ಲಿ ಬರುತ್ತಿರಲಿಲ್ಲ. ವ್ಯಾಖ್ಯಾನಕಾರರು ವಿವರಿಸುವಂತೆ ಆ ಜನರು ಒಂದು ಉಪಾಯ ಹೂಡಿದರು. ಶುಕ್ರವಾರವೇ ಬಲೆ ಬೀಸಿ, ತೀರದಲ್ಲಿ ಗುಂಡಿ ತೋಡಿ, ಶನಿವಾರ ಅದರಲ್ಲಿ ಸಿಕ್ಕಿಬಿದ್ದ ಮೀನುಗಳನ್ನು ಭಾನುವಾರ ಎತ್ತಿಕೊಂಡರು.

ಈ ಭಾಗವನ್ನು ಮಕ್ಕಳಿಗೆ ಬೋಧಿಸುವಾಗಲೆಲ್ಲ ನಮಗೆ ಒಂದು ಪ್ರಶ್ನೆ ಎದುರಾಗುತ್ತದೆ: “ಹಜರತ್, ಅವರು ಮೀನು ಎತ್ತಿದ್ದು ಭಾನುವಾರ ತಾನೇ? ತಪ್ಪೆಲ್ಲಿ ಬಂತು?” ಮಕ್ಕಳ ಈ ಪ್ರಶ್ನೆಯಲ್ಲಿಯೇ ಪಾಠವಿದೆ. ಅವರು ಆಜ್ಞೆಯ ಅಕ್ಷರವನ್ನು ಉಳಿಸಿಕೊಂಡು ಅದರ ಜೀವವನ್ನು ತೆಗೆದರು. ಇದು ಅನ್ಯ ಸಮುದಾಯವೊಂದನ್ನು ಹೀಯಾಳಿಸಲು ಹೇಳಿದ ಕಥೆಯಲ್ಲ. ನಮ್ಮ ಕೈಗಳನ್ನು ನಾವು ನೋಡಿಕೊಳ್ಳಲೆಂದು ಹೇಳಿದ ಕಥೆ.

ಕಬ್ಬು, ಭತ್ತದ ಗದ್ದೆಗಳ ನಡುವಿನ ವಿ.ಸಿ. ಫಾರಂನಲ್ಲಿರುವ ನಮಗೂ ಕಡಲಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ನಮ್ಮ ಮನೆಗಳಲ್ಲಿ ಬೇಯುವ ಬಂಗುಡೆ, ಬೂತಾಯಿಗಳು ಘಟ್ಟದ ಕೆಳಗಿನಿಂದ ಐಸ್ ಪೆಟ್ಟಿಗೆಗಳಲ್ಲಿ ಬರುತ್ತವೆ. ಕೊಳ್ಳುವವನಿಲ್ಲದೆ ಹಿಡಿಯುವವನಿಲ್ಲ. ಆದ್ದರಿಂದ ಆ ಬಲೆಯ ಒಂದು ಹಗ್ಗ ನಮ್ಮ ಅಡುಗೆಮನೆಯವರೆಗೂ ಚಾಚಿಕೊಂಡಿದೆ.

ಪಶ್ಚಿಮ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲವದು. ಇದರ ಅರ್ಥ ನಮ್ಮ ಜಿಲ್ಲೆಯ ರೈತರಿಗೆ ಬೇಗನೆ ತಿಳಿಯುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರನ್ನು ಕಟ್ಟು ಪದ್ಧತಿಯಲ್ಲಿ, ಸರದಿಯ ಮೇಲೆ ಬಿಡುತ್ತಾರೆ. ಮೇಲಿನವನು ತನ್ನ ಸರದಿ ಮುಗಿದ ಮೇಲೂ ತೂಬು ತೆರೆದಿಟ್ಟುಕೊಂಡರೆ ಮದ್ದೂರು, ಮಳವಳ್ಳಿಯ ಕೊನೆಯ ಭಾಗದ ಗದ್ದೆ ಒಣಗುತ್ತದೆ. ಕಡಲಿನ ನಿಷೇಧವೂ ಅಂತಹ ಒಂದು ಕಟ್ಟು. ಅಲ್ಲಿ ಕೊನೆಯ ಭಾಗದವರು ಯಾರೆಂದರೆ, ಮುಂದಿನ ವರ್ಷದ ಮೀನುಗಾರರು ಮತ್ತು ಇನ್ನೂ ಹುಟ್ಟದ ನಮ್ಮ ಮೊಮ್ಮಕ್ಕಳು.

ಹಿಂದೆ ನಮ್ಮ ಕರಾವಳಿಯಲ್ಲಿ ರಂಪಣಿ ಎಂಬ ದೊಡ್ಡ ಬಲೆಯಿತ್ತು. ಮೀನು ತೀರದ ಬಳಿಗೆ ಬರುವವರೆಗೆ ಕಾದು, ಊರಿನ ಅನೇಕರು ಸೇರಿ ಅದನ್ನು ಎಳೆದು, ಬಂದುದನ್ನು ಹಂಚಿಕೊಳ್ಳುತ್ತಿದ್ದರು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನಿನ ಹಿಂಡು ತೀರ ಸೇರುವ ಮೊದಲೇ ಕಡಲ ನಡುವೆ ಸುತ್ತುವರಿಯಲ್ಪಟ್ಟಿತು. ರಂಪಣಿ ಮರೆಯಾಗತೊಡಗಿತು. ಅನಂತರ ಇನ್ನೂ ತೀಕ್ಷ್ಣವಾದ ವಿಧಾನಗಳು ಬಂದವು: ಎರಡು ಬೋಟುಗಳು ಒಂದೇ ಬಲೆಯನ್ನೆಳೆಯುವ ಬುಲ್ ಟ್ರಾಲಿಂಗ್, ರಾತ್ರಿ ಪ್ರಖರ ದೀಪ ಬೆಳಗಿಸಿ ಮೀನುಗಳನ್ನು ಸೆಳೆದು ಹಿಡಿಯುವ ಲೈಟ್ ಫಿಶಿಂಗ್. ಕೇಂದ್ರ ಸರಕಾರವು 2017ರಲ್ಲಿ ಇವೆರಡನ್ನೂ ನಿಷೇಧಿಸಿತು. ಆದರೂ ಅವು ಕದ್ದುಮುಚ್ಚಿ ನಡೆಯುತ್ತಿವೆಯೆಂದು ನಾಡದೋಣಿ ಮೀನುಗಾರರು ದೂರುತ್ತಲೇ ಬಂದಿದ್ದಾರೆ. ದೀಪದ ಬೆಳಕಿಗೆ ಮೋಸಹೋಗಿ ಬಲೆಗೆ ಬೀಳುವ ಮೀನಿಗೂ ಶುಕ್ರವಾರ ತೋಡಿದ ಗುಂಡಿಗೆ ಬಿದ್ದ ಮೀನಿಗೂ ಎಷ್ಟು ವ್ಯತ್ಯಾಸವಿದೆ?

ಪರಿಣಾಮವನ್ನು ಬೂತಾಯಿಯೇ ಹೇಳುತ್ತದೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ, ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ದೊರೆತಿತ್ತು. 2021ರಲ್ಲಿ ದೊರೆತದ್ದು 3,297 ಟನ್ ಮಾತ್ರ. ಇದಕ್ಕೆ ಬಲೆಯೊಂದೇ ಕಾರಣವಲ್ಲ; ಎಲ್ ನಿನೊ ಮುಂತಾದ ಕಡಲಿನ ಏರುಪೇರುಗಳೂ ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ. ಆದರೆ ಬರಗಾಲದಲ್ಲಿ ಬಿತ್ತನೆ ಬೀಜವನ್ನೂ ಬೇಯಿಸಿ ತಿಂದವನು ಮಳೆ ಬಂದಾಗ ಏನನ್ನು ಬಿತ್ತುವನು? ಬಲಿಯದ ಮರಿಮೀನುಗಳು ಬಲೆಗೆ ಬಂದು, ಮನುಷ್ಯರ ತಟ್ಟೆಯನ್ನೂ ಸೇರದೆ, ಮೀನಿನ ಹುಡಿಯಾಗಿ ಕೋಳಿಗೂ ಸಿಗಡಿಗೂ ಆಹಾರವಾಗುತ್ತಿವೆ. ಕೇರಳವು 2015ರಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ, 14 ಸೆಂಟಿಮೀಟರಿಗಿಂತ ಚಿಕ್ಕ ಬಂಗುಡೆ ಹಿಡಿಯಬಾರದೆಂದು ವಿಧಿಸಿದ್ದು ಈ ಕಾರಣದಿಂದಲೇ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಶತಮಾನಗಳ ಕಾಲ ಜನರನ್ನು ಸಾಕಿದ ಕಾಡ್ ಮೀನು ಬರಿದಾಗಿ, 1992ರಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಜನರು ದುಡಿಮೆ ಕಳೆದುಕೊಂಡರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರಕಾರ, ಇಂದು ಲೋಕದ ಕಡಲ ಮೀನು ಸಂಪತ್ತಿನಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಭಾಗ ಮಿತಿಮೀರಿದ ಬೇಟೆಗೆ ಗುರಿಯಾಗಿದೆ. 1974ರಲ್ಲಿ ಇದು ಹತ್ತನೆಯ ಒಂದು ಭಾಗವಷ್ಟೇ ಇತ್ತು.

ದೂರದ ಕಡಲನ್ನು ಬಿಟ್ಟು ನಮ್ಮ ಜಿಲ್ಲೆಯ ನದಿಯನ್ನೇ ನೋಡೋಣ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ, ಭೀಮೇಶ್ವರಿಗಳ ಬಳಿ ಕಾವೇರಿಯ ಮಡುಗಳಲ್ಲಿ ಬಿಳಿಮೀನು ಎಂಬ ಮಹಶೀರ್ ವಾಸಿಸುತ್ತದೆ. ಐವತ್ತು ಕಿಲೋ ಮೀರಿ ಬೆಳೆಯಬಲ್ಲ ಈ ಗೂನುಬೆನ್ನಿನ ಮೀನು ಕಾವೇರಿ ಕೊಳ್ಳವನ್ನು ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲಿಯೂ ಇಲ್ಲ. 2018ರಲ್ಲಿ ಇದನ್ನು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಅಣೆಕಟ್ಟು, ಮರಳು ಗಣಿಗಾರಿಕೆ, ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಮಹಶೀರ್ ಇವುಗಳೊಂದಿಗೆ, ಮಡುವಿಗೆ ಸಿಡಿಮದ್ದು ಎಸೆಯುವ ಬೇಟೆಯೂ ಇದಕ್ಕೆ ಕಾರಣ. ಸಿಡಿಮದ್ದು ದೊಡ್ಡದು ಚಿಕ್ಕದೆಂದು ನೋಡುವುದಿಲ್ಲ. ಹತ್ತು ಮೀನಿನ ಆಸೆಗೆ ಮಡುವಿನ ಮರಿಗಳೆಲ್ಲ ಸಾಯುತ್ತವೆ. ವ್ಯರ್ಥವಾಗಿ ಕೊಲ್ಲಲ್ಪಟ್ಟ ಗುಬ್ಬಚ್ಚಿಯೂ ಅಂತ್ಯದಿನದಂದು ಅಲ್ಲಾಹನ ಮುಂದೆ ದೂರು ನೀಡುವುದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಆ ಮರಿಗಳ ದೂರಿಗೆ ಯಾರು ಉತ್ತರಿಸುವರು?

ಸಬ್ತ್ ವೃತ್ತಾಂತದ ಇನ್ನೊಂದು ಮುಖ ನಮ್ಮನ್ನು ಹೆಚ್ಚು ಕಾಡುತ್ತದೆ. ಆ ಊರಿನಲ್ಲಿ ಮೂರು ಗುಂಪುಗಳಿದ್ದವು: ಮಿತಿ ಮೀರಿದವರು, ಅವರನ್ನು ತಡೆದವರು, ಹಾಗೂ ನಾಶವಾಗಲಿರುವವರಿಗೆ ಉಪದೇಶವೇಕೆ ಎಂದು ತಡೆದವರನ್ನೇ ಕೇಳಿದವರು. ತಡೆದವರು ರಕ್ಷಿಸಲ್ಪಟ್ಟರು, ಅಕ್ರಮಿಗಳು ಶಿಕ್ಷೆಗೊಳಗಾದರು ಎಂದು ಕುರ್‌ಆನ್ ಸ್ಪಷ್ಟವಾಗಿ ಹೇಳುತ್ತದೆ. ಸುಮ್ಮನಿದ್ದ ಮೂರನೆಯವರ ಗತಿಯೇನಾಯಿತೆಂದು ಹೇಳುವುದಿಲ್ಲ. ವ್ಯಾಖ್ಯಾನಕಾರರು ಆ ಕುರಿತು ಭಿನ್ನ ಅಭಿಪ್ರಾಯ ತಾಳಿದ್ದಾರೆ. ಹಡಗಿನ ಕೆಳ ಅಂತಸ್ತಿನವರು ನೀರಿಗಾಗಿ ತಳದಲ್ಲಿ ರಂಧ್ರ ಕೊರೆಯಹೊರಟಾಗ ಮೇಲಿನವರು ಕೈಹಿಡಿಯದಿದ್ದರೆ ಎಲ್ಲರೂ ಮುಳುಗುವರೆಂಬ ಪ್ರವಾದಿವರ್ಯರ(ಸ) ಉಪಮೆಯನ್ನು ಬಲ್ಲವರು ಆ ಮೌನದಲ್ಲಿ ನೆಮ್ಮದಿ ಹುಡುಕಲಾರರು.

ಮೀನು ಮಾರುವ ನಮ್ಮ ಸಹೋದರರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. “ಏನ್ಮಾಡೋದು ಹಜರತ್, ಜನ ಅಗ್ಗದ್ದೇ ಕೇಳ್ತಾರೆ” ಎಂದು ಒಬ್ಬ ವ್ಯಾಪಾರಿ ಒಮ್ಮೆ ನಮ್ಮಲ್ಲಿ ಹೇಳಿದರು. ಅವರ ಮಾತು ನಿಜ. ಆದ್ದರಿಂದ ಕೇಳುವ ನಾವು ಬದಲಾಗಬೇಕು. ಬೆರಳುದ್ದದ ಬಂಗುಡೆಯನ್ನು ಅಗ್ಗವೆಂದು ಕೊಳ್ಳದಿರೋಣ. ಬೇಡವೆನ್ನುವ ಕಾರಣವನ್ನೂ ಸೌಮ್ಯವಾಗಿ ತಿಳಿಸೋಣ. ಜೂನ್, ಜುಲೈಗಳಲ್ಲಿ ನಮ್ಮ ಕೆರೆಗಳ ಕಾಟ್ಲಾ, ರೋಹುಗಳಿಂದ ತೃಪ್ತರಾಗೋಣ. ವಲೀಮಾದ ಊಟದಲ್ಲಿ ಎಲೆಯಂಚಿಗೆ ಸೇರುವ ಮೀನಿನ ತುಂಡನ್ನು ಕಡಿಮೆ ಮಾಡೋಣ. ನದಿಗೆ ಸಿಡಿಮದ್ದು ಒಯ್ಯುವ ಯುವಕ ನಮ್ಮ ಮೊಹಲ್ಲಾದವನಾಗಿದ್ದರೆ, ಅವನ ತಂದೆಯ ಬಳಿ ಕುಳಿತು ಮಾತನಾಡೋಣ. ಇವು ಸಣ್ಣ ಕೆಲಸಗಳು. ಆದರೆ ಆ ಊರಿನಲ್ಲಿ ತಡೆದವರ ಬಳಿಯೂ ನಾಲಗೆಯ ಹೊರತು ಬೇರೆ ಆಯುಧವಿದ್ದಂತೆ ಕುರ್‌ಆನ್ ಹೇಳಿಲ್ಲ. ತಮ್ಮ ಪ್ರಭುವಿನ ಮುಂದೆ ಹೇಳಲು ಒಂದು ನೆಪವಾದರೂ ಇರಲಿ, ಕೇಳಿದವರು ಎಚ್ಚೆತ್ತುಕೊಳ್ಳಲೂಬಹುದು ಎಂಬ ನಿರೀಕ್ಷೆಯಷ್ಟೇ ಅವರದಾಗಿತ್ತು.

ಅಲ್ಲಾಹನು ನಮ್ಮ ಆಹಾರವನ್ನು ಹಲಾಲ್ ಮಾತ್ರವಲ್ಲ, ತಯ್ಯಿಬ್ ಕೂಡ ಆಗಿಸಲಿ. ಅವನ ಕಡಲಿನಲ್ಲೂ ನದಿಗಳಲ್ಲೂ ನಮ್ಮ ನಂತರದವರ ಪಾಲನ್ನು ಉಳಿಸುವ ವಿವೇಕವನ್ನು ನಮಗೆ ದಯಪಾಲಿಸಲಿ. ಆಮೀನ್.