ಗುದ್ದದೆ ಗೆದ್ದವನು

ನಮ್ಮ ಕೂಟದಲ್ಲಿ ಕ್ರಿಕೆಟ್ ಮಾತಿಗೆ ಬೇಕಾದಷ್ಟು ಜನ. ಐಸ್ ಹಾಕಿ ಹುಚ್ಚು ನನಗೊಬ್ಬನಿಗೇ. ಡೆಟ್ರಾಯಿಟ್ ರೆಡ್ ವಿಂಗ್ಸ್‌ಗೆ 20 ಸೀಸನ್ ಆಡಿ 2012ರಲ್ಲಿ ನಿವೃತ್ತನಾದ ಸ್ವೀಡನ್ನಿನ ನಿಕ್ಲಾಸ್ ಲಿಡ್‌ಸ್ಟ್ರಮ್ ನನ್ನ ಆರಾಧ್ಯ ದೈವ. ಎದುರಾಳಿಯನ್ನು ಗುದ್ದಿ ಬೀಳಿಸುವ ಗೋಜಿಗೆ ಅಷ್ಟಾಗಿ ಹೋಗುತ್ತಿರಲಿಲ್ಲ. ಸರಿಯಾದ ಜಾಗದಲ್ಲಿ ನಿಂತು, ಕೋಲು ಚಾಚಿ ಪಕ್ ಕಸಿಯುತ್ತಿದ್ದ. ಜೋ ಲೂಯಿಸ್ ಅರೀನಾದ (2017ರಲ್ಲಿ ಮುಚ್ಚಿದರು, ಹೊಸದು ನನಗೆ ಅಷ್ಟು ಹಿಡಿಸಿಲ್ಲ) ಮೇಲಿನ ಸಾಲಿನಿಂದ ಆ ಲೆಕ್ಕಾಚಾರ ಪೂರ್ತಿ ಕಾಣುತ್ತಿತ್ತು. ಅತ್ಯುತ್ತಮ ರಕ್ಷಣಾ ಆಟಗಾರನಿಗೆ ಕೊಡುವ ನಾರಿಸ್ ಟ್ರೋಫಿ ಅವನಿಗೆ ಬಂದದ್ದು ಏಳು ಸಲ!

“ಗುದ್ದಾಟವಿಲ್ಲದ ಹಾಕಿ ಎಂಥದ್ದು ಡಾಕ್ಟ್ರೇ?” ಎನ್ನುವವರಿಗೆ, 2000ದಲ್ಲಿ ಸ್ಕಾಟ್ ಸ್ಟೀವನ್ಸ್‌ನ ಭುಜ ತಾಗಿ ಎರಿಕ್ ಲಿಂಡ್ರೋಸ್ ಕುಸಿದದ್ದನ್ನು ನೆನಪಿಸುತ್ತೇನೆ. ಹೆಲ್ಮೆಟ್ ತಲೆಬುರುಡೆಯನ್ನು ಕಾಪಾಡೀತು, ಒಳಗೆ ಅಲುಗುವ ಮಿದುಳನ್ನಲ್ಲ. ಪಕ್ಕದಿಂದ ಬಂದು ತಲೆಗೆ ಗುದ್ದುವುದನ್ನು ಎನ್‌ಎಚ್‌ಎಲ್ ನಿಷೇಧಿಸಿದ್ದು 2010ರಲ್ಲಿ. ಲಿಂಡ್ರೋಸ್ 2007ರಲ್ಲೇ ಆಟ ಬಿಟ್ಟಿದ್ದ.